ವರದಿಯೊಳಗಿನ ಡಗ್ಲಾಸ್

ಸಿರುಗುಪ್ಪದಲ್ಲಿರುವ ನನ್ನ ತಂಗಿಯನ್ನು ತೀವ್ರ ಹೊಟ್ಟೆನೋವೆಂದು ಬಳ್ಳಾರಿಗೆ ಕರೆತಂದ ದಿನ, ಸ್ಕ್ಯಾನಿಂಗ್ ವರದಿಯಲ್ಲಿ ಡಗ್ಲಾಸ್ ಚೀಲದಲ್ಲಿ ದ್ರವ ಸೇರಿದೆ ಎಂಬ ಸಾಲಿತ್ತು. ಅರ್ಥಶಾಸ್ತ್ರ ಓದಿದ ನನಗೆ ಗೊತ್ತಿದ್ದ ಡಗ್ಲಾಸ್ ಒಬ್ಬನೇ, ಕಾಬ್-ಡಗ್ಲಾಸ್ ಉತ್ಪಾದನಾ ಸೂತ್ರದ ಪಾಲ್ ಡಗ್ಲಾಸ್! ಕುರುಗೋಡು ಕಡೆಯವರಾದ ವೈದ್ಯರು ತಮ್ಮೂರಿನ ಗದ್ದೆಯ ಭಾಷೆಯಲ್ಲೇ ವಿವರಿಸಿದರು: ನೀರು ತಗ್ಗನ್ನು ಹುಡುಕುವಂತೆ, ಒಡೆದ ಅಪೆಂಡಿಕ್ಸ್‌ನ ಕೀವು ಗರ್ಭಕೋಶ ಮತ್ತು ಗುದನಾಳದ ನಡುವಣ ತಗ್ಗಿಗೆ ಇಳಿದಿದೆ, ರಾತ್ರಿಯೇ ಶಸ್ತ್ರಚಿಕಿತ್ಸೆ ಆಗಬೇಕು. ತಂಗಿ ಉಳಿದಳು. ಆ ತಗ್ಗಿಗೆ ಹೆಸರಾದವನು ಯಾರೆಂಬ ಕುತೂಹಲ ಮಾತ್ರ ನನ್ನನ್ನು ಬಿಡಲಿಲ್ಲ.

ಜೇಮ್ಸ್ ಡಗ್ಲಾಸ್ 1675ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಜನಿಸಿದ. ಫ್ರಾನ್ಸ್‌ನ ರೀಮ್ಸ್‌ನಲ್ಲಿ ವೈದ್ಯ ಪದವಿ ಪಡೆದು ಲಂಡನ್ನಿನಲ್ಲಿ ನೆಲೆಸಿದ. 1706ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಹೆರಿಗೆ ವೈದ್ಯನಾಗಿ ಹೆಸರು ಗಳಿಸಿ, ರಾಣಿ ಕ್ಯಾರೊಲಿನ್‌ಗೂ ವೈದ್ಯನಾದ. ಕಾಫಿ ಗಿಡದ ಬಗೆಗೂ ಗ್ರಂಥ ಬರೆದ ಬಹುಮುಖ ಆಸಕ್ತಿಯ ಮನುಷ್ಯ. 1726ರಲ್ಲಿ ಮೇರಿ ಟಾಫ್ಟ್ ಎಂಬಾಕೆ ಮೊಲಗಳನ್ನು ಹೆರುತ್ತಿದ್ದಾಳೆಂಬ ಸುದ್ದಿಯನ್ನು ಅರಮನೆಯ ಶಸ್ತ್ರವೈದ್ಯನೇ ನಂಬಿದ್ದಾಗ, ಆ ಮೋಸವನ್ನು ಬಯಲಿಗೆಳೆದವರಲ್ಲಿ ಈತನೂ ಒಬ್ಬ.

ಆದರೆ ಆತನನ್ನು ಉಳಿಸಿದ್ದು ಉದರಪೊರೆಯನ್ನು ಕುರಿತ 1730ರ ಕೃತಿ. ಈ ಪೊರೆ ಎರಡು ಪದರಗಳದ್ದು ಎಂದು ಹಿಂದಿನವರು ತಿಳಿದಿದ್ದರು. ಶವಗಳನ್ನು ತಾಳ್ಮೆಯಿಂದ ಬಿಡಿಸಿ ನೋಡಿದ ಡಗ್ಲಾಸ್, ಅದು ಒಂದೇ ಅಖಂಡ ಪೊರೆಯೆಂದು ವಾದಿಸಿದ. ಹೊಟ್ಟೆಯ ಒಳಗೋಡೆಗೆ ಅಂಟಿದ ಪೊರೆಯೇ ಮಡಿಸಿಕೊಂಡು ಕರುಳಿಗೂ ಹೊದಿಕೆಯಾಗುತ್ತದೆ. ಮೂತ್ರಪಿಂಡಗಳು ಅದರ ಹಿಂದೆ, ಹೊರಗೇ ಉಳಿಯುತ್ತವೆ. ಭ್ರೂಣದ ಕರುಳು ಆರನೆಯ ವಾರದ ಹೊತ್ತಿಗೆ ಹೊಕ್ಕುಳಬಳ್ಳಿಯೊಳಕ್ಕೆ ಚಾಚಿ, ಹತ್ತನೆಯ ವಾರದ ಸುಮಾರಿಗೆ ಮರಳಿ ಒಳಸೇರುವಾಗ ಈ ಮಡಿಕೆಗಳು ರೂಪ ತಳೆಯುವ ಬಗೆ ತಿಳಿದದ್ದು ಬಹುಕಾಲದ ನಂತರ.

ಇದು ಬರಿಯ ಪಂಡಿತರ ಜಗಳವಾಗಿರಲಿಲ್ಲ. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಕಲ್ಲು ತೆಗೆಯಲು ಕಿಬ್ಬೊಟ್ಟೆಯ ಮೂಲಕ ಮೂತ್ರಕೋಶವನ್ನು ಕೊಯ್ದರೆ ಪೊರೆ ಹರಿದು ರೋಗಿ ಸಾಯುವನೆಂಬ ಭಯವಿತ್ತು. ತುಂಬಿದ ಮೂತ್ರಕೋಶ ಮೇಲೇರಿದಾಗ ಪೊರೆಗೆ ತಾಗದಂತೆ ಅದನ್ನು ತೆರೆಯಬಹುದೆಂದು ಜೇಮ್ಸ್ ಪ್ರತಿಪಾದಿಸಿದ. ತಮ್ಮ ಜಾನ್ ಅದನ್ನು ಮಾಡಿ ತೋರಿಸಿ, 1720ರಲ್ಲಿ ಪುಸ್ತಕವನ್ನೂ ಪ್ರಕಟಿಸಿದ.

ಕೊನೆಯ ದಿನಗಳಲ್ಲಿ ಡಗ್ಲಾಸ್ ತನ್ನ ನಾಡಿನವನೇ ಆದ ವಿಲಿಯಂ ಹಂಟರ್ ಎಂಬ ತರುಣನನ್ನು ಮನೆಯಲ್ಲಿಟ್ಟುಕೊಂಡು ತರಬೇತಿ ನೀಡಿದ. 1742ರಲ್ಲಿ ಗುರು ತೀರಿಕೊಂಡ ಮೇಲೂ ಹಂಟರ್ ಆ ಕುಟುಂಬದೊಡನೆಯೇ ಉಳಿದ. ಗುರುಪುತ್ರಿಯೊಡನೆ ಆತನ ಮದುವೆ ನಿಶ್ಚಯವಾಗಿತ್ತು. ಆಕೆ 1744ರಲ್ಲಿ ಮರಣಿಸಿದಳು, ಹಂಟರ್ ಅವಿವಾಹಿತನಾಗಿಯೇ ಉಳಿದ. ಡಗ್ಲಾಸ್ ಅಚ್ಚು ಮಾಡಿಸದೆ ಬಿಟ್ಟುಹೋದ ರಾಶಿ ಹಸ್ತಪ್ರತಿಗಳು ಹಂಟರ್ ಸಂಗ್ರಹದೊಡನೆ ಗ್ಲಾಸ್ಗೋ ವಿಶ್ವವಿದ್ಯಾಲಯವನ್ನು ಸೇರಿ ಇಂದಿಗೂ ಅಲ್ಲಿವೆ.