ಹಣಕ್ಕೆ ಮಾರದ ಬೆಳಕು: ವಿಲ್ಹೆಲ್ಮ್ ರಾಂಟ್ಜೆನ್

ಮಂಗಳೂರಿನ ಕಂಕನಾಡಿಯಲ್ಲಿರಲಿ, ದೂರದ ಬೆಂಗಳೂರಿನ ಹೇರೋಹಳ್ಳಿಯಲ್ಲಿರಲಿ, ನಮ್ಮವರು ಯಾರಾದರೂ ಬಿದ್ದು ಕೈ ಮುರಿದುಕೊಂಡರೆ ವೈದ್ಯರು ಮೊದಲು ಬರೆದುಕೊಡುವುದು ಎಕ್ಸ್-ರೇ ಚೀಟಿಯನ್ನು. ಸ್ವಲ್ಪ ಹೊತ್ತಿನಲ್ಲೇ ಚಿತ್ರ ಸಿದ್ಧ. ಈ ಸೇವೆ ಇಷ್ಟು ಸುಲಭವಾಗಿ ಸಿಗುವುದರ ಹಿಂದೆ ಒಬ್ಬರ ದೊಡ್ಡ ಮನಸ್ಸಿದೆ. ಪ್ರತಿ ವರ್ಷ ನವೆಂಬರ್ 8ರಂದು ಆಸ್ಪತ್ರೆಗಳ ರೇಡಿಯಾಲಜಿ ವಿಭಾಗಗಳು ಅಂತಾರಾಷ್ಟ್ರೀಯ ರೇಡಿಯಾಲಜಿ ದಿನವನ್ನು ಆಚರಿಸುವುದು ಅವರ ಶೋಧದ ನೆನಪಿಗಾಗಿ.

ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನೆಪ್ ಎಂಬ ಊರಿನಲ್ಲಿ. ತಂದೆ ಬಟ್ಟೆ ವ್ಯಾಪಾರಿ. ಮಗು ಮೂರು ವರ್ಷದ್ದಿರುವಾಗ ಕುಟುಂಬ ನೆದರ್‌ಲ್ಯಾಂಡ್ಸ್‌ಗೆ ಹೋಗಿ ನೆಲೆಸಿತು. ಅಲ್ಲಿನ ಶಾಲೆಯಲ್ಲಿ ಯಾರೋ ಒಬ್ಬ ವಿದ್ಯಾರ್ಥಿ ಅಧ್ಯಾಪಕರ ವ್ಯಂಗ್ಯಚಿತ್ರ ಬರೆದ. ಬರೆದವನ ಹೆಸರು ಹೇಳಲು ಒಪ್ಪದ ರಾಂಟ್ಜೆನ್ ಅವರನ್ನೇ ಶಾಲೆಯಿಂದ ಹೊರಹಾಕಲಾಯಿತು. ಸರಿಯಾದ ಪ್ರಮಾಣಪತ್ರವಿಲ್ಲದೆ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚಿತು. ಕೊನೆಗೆ ಪ್ರವೇಶ ಪರೀಕ್ಷೆಯ ಮೂಲಕ ಅವರನ್ನು ಸೇರಿಸಿಕೊಂಡದ್ದು ಸ್ವಿಟ್ಜರ್ಲೆಂಡಿನ ಜೂರಿಚ್ ಪಾಲಿಟೆಕ್ನಿಕ್. 1869ರಲ್ಲಿ ಅವರು ಡಾಕ್ಟರೇಟ್ ಪಡೆದರು. 1888ರಲ್ಲಿ ವುರ್ಜ್‌ಬರ್ಗ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿ, 1894ರಲ್ಲಿ ಅದರ ಮುಖ್ಯಸ್ಥರೂ ಆದರು.

1895ರ ನವೆಂಬರ್ 8ರ ಸಂಜೆ ಅವರು ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದರು. ಗಾಜಿನ ಕೊಳವೆಯೊಂದಕ್ಕೆ ಕಪ್ಪು ರಟ್ಟು ಸುತ್ತಿ ವಿದ್ಯುತ್ ಹಾಯಿಸಿದಾಗ, ದೂರದಲ್ಲಿದ್ದ ರಾಸಾಯನಿಕ ಬಳಿದ ಪರದೆ ಮಿನುಗಿತು. ರಟ್ಟನ್ನು ದಾಟಿ ಬಂದ ಕಿರಣ ಯಾವುದೆಂದು ತಿಳಿಯಲು ಅವರು ಮುಂದಿನ ಕೆಲವು ವಾರ ಊಟ, ನಿದ್ರೆಯನ್ನೂ ಅಲ್ಲಿಯೇ ಮಾಡಿದರು. ಡಿಸೆಂಬರ್ 22ರಂದು ಪತ್ನಿ ಬರ್ತಾ ಅವರ ಕೈಯನ್ನು ಚಿತ್ರಿಸಿದಾಗ ಮೂಳೆಗಳೂ ಬೆರಳಿನ ಉಂಗುರವೂ ಮೂಡಿಬಂದವು. ಗಣಿತದಲ್ಲಿ ತಿಳಿಯದ್ದನ್ನು ಎಕ್ಸ್ ಎನ್ನುವ ವಾಡಿಕೆಯಂತೆ ಅವರು ಇದನ್ನು ಎಕ್ಸ್ ಕಿರಣ ಎಂದು ಕರೆದರು. ನಮ್ಮ ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು.

ಮರುವರ್ಷವೇ ವೈದ್ಯರು ಇದರಿಂದ ಮುರಿದ ಮೂಳೆ, ದೇಹದೊಳಗಿನ ಗುಂಡು ಹುಡುಕತೊಡಗಿದರು. ಪೇಟೆಂಟ್ ಪಡೆದಿದ್ದರೆ ರಾಂಟ್ಜೆನ್ ಕೋಟ್ಯಧೀಶರಾಗಬಹುದಿತ್ತು. ಆದರೆ ಶೋಧ ಎಲ್ಲರಿಗೂ ಸೇರಿದ್ದೆಂದು ಅವರು ಪೇಟೆಂಟ್ ಪಡೆಯಲೇ ಇಲ್ಲ. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಪ್ರಶಸ್ತಿ ಬಂದಾಗ ಅದರ ಹಣವನ್ನು ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಹೆಸರಿನ ಮುಂದೆ ಸೇರಬೇಕಿದ್ದ ಕುಲೀನ ಪದವಿಯನ್ನೂ ಬೇಡವೆಂದರು.

ಮುಪ್ಪು ಸುಖದ್ದಾಗಿರಲಿಲ್ಲ. ದೀರ್ಘಕಾಲ ಕಾಯಿಲೆಯಿಂದ ನರಳಿದ ಬರ್ತಾ 1919ರಲ್ಲಿ ತೀರಿಕೊಂಡರು. ಮೊದಲ ಮಹಾಯುದ್ಧದ ನಂತರದ ಬೆಲೆಯೇರಿಕೆ ಉಳಿತಾಯವನ್ನೆಲ್ಲ ನುಂಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರಿನಿಂದ ಅವರು ನಿಧನರಾದರು.

ಈ ಬೆಳಕಿಗೆ ಬೆಲೆ ತೆತ್ತವರು ಇನ್ನೂ ಹಲವರು. ಅಪಾಯದ ಅರಿವಿಲ್ಲದೆ ದುಡಿದ ಮೊದಲ ತಲೆಮಾರಿನ ವೈದ್ಯರು, ತಂತ್ರಜ್ಞರು, ದಾದಿಯರು ಸುಟ್ಟಗಾಯ, ಕ್ಯಾನ್ಸರುಗಳಿಗೆ ಬಲಿಯಾದರು. 1936ರಲ್ಲಿ ಹ್ಯಾಂಬರ್ಗಿನ ಆಸ್ಪತ್ರೆಯೊಂದರ ಆವರಣದಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಅಂತಹ 169 ಮಂದಿಯ ಹೆಸರುಗಳನ್ನು ಕೆತ್ತಲಾಯಿತು.

ಕರಾವಳಿಯವರಾದ ನಮಗೆ 1895 ಇನ್ನೊಂದು ಕಾರಣಕ್ಕೂ ನೆನಪಿನ ವರ್ಷ. ಜರ್ಮನಿಯಿಂದಲೇ ಬಂದ ವಂದನೀಯ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಆರಂಭಿಸಿದ ಔಷಧಾಲಯ, ಕುಷ್ಠರೋಗಿಗಳ ಆಶ್ರಯದ ಬಳಿಕ, ಆಸ್ಪತ್ರೆಯಾಗಿ ಬೆಳೆದದ್ದು ಅದೇ ವರ್ಷ. ಬಡ ರೋಗಿಗೂ ಒಳ್ಳೆಯ ಚಿಕಿತ್ಸೆ ಸಿಗಬೇಕೆಂಬ ಆ ಸೇವೆಗೂ ಪೇಟೆಂಟ್ ಬೇಡವೆಂದ ರಾಂಟ್ಜೆನ್ ಮನಸ್ಸಿಗೂ ಹೊಂದಿಕೆಯಿದೆ.

ಕತ್ತಲೆಕೋಣೆಯಲ್ಲಿ ಫಿಲ್ಮ್ ತೊಳೆಯುವ ಕಾಲ ಹೋಗಿ ಡಿಜಿಟಲ್ ಚಿತ್ರ ಬಂದಿದೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಗೆ ಸಿ.ಟಿ. ಸ್ಕ್ಯಾನ್ ಮಾಡಲಾಯಿತು. ಕ್ಷ-ಕಿರಣವೇ ಬೇಕಿಲ್ಲದ ಅಲ್ಟ್ರಾಸೌಂಡ್, ಎಂ.ಆರ್.ಐ. ಕೂಡ ಇಂದು ಇವೆ. ಆದರೆ ಹೊಸ ಯಂತ್ರ ತಂದಿಟ್ಟ ಮಾತ್ರಕ್ಕೆ ರೇಡಿಯಾಲಜಿ ವಿಭಾಗ ಆಧುನಿಕವಾಗುವುದಿಲ್ಲ. ಹಣವಿಲ್ಲದವರು ಸ್ಕ್ಯಾನ್ ಚೀಟಿ ಮಡಚಿಟ್ಟುಕೊಂಡು ಮನೆಗೆ ಮರಳುವಂತಾದರೆ ಆ ಯಂತ್ರ ಯಾರಿಗಾಗಿ? ಭ್ರೂಣಲಿಂಗ ಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ. ಜೀವ ಉಳಿಸಲು ಬಂದ ಯಂತ್ರ ಹೆಣ್ಣುಮಗುವಿನ ಜೀವ ತೆಗೆಯಲು ಬಳಕೆಯಾಗದಂತೆ ನೋಡಿಕೊಳ್ಳುವುದೂ ಈ ವಿಭಾಗದ ಧ್ಯೇಯವೇ.

ನಮ್ಮ ಕರ್ತವ್ಯವೂ ಇದೆ. ಗರ್ಭಿಣಿಯರು ಎಕ್ಸ್-ರೇಗೆ ಮುನ್ನ ಸಿಬ್ಬಂದಿಗೆ ತಿಳಿಸಬೇಕು. ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿದರೆ ಅನಗತ್ಯ ಮರುಪರೀಕ್ಷೆ ತಪ್ಪುತ್ತದೆ. ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರು ಇದನ್ನು ಮನೆಮನೆಗೆ ತಿಳಿಸಬಹುದು. ರಾಂಟ್ಜೆನ್ ಬೆಲೆ ಕಟ್ಟದೆ ಕೊಟ್ಟ ಬೆಳಕು ಬಡವರ ಮನೆಯನ್ನೂ ತಲುಪಲಿ ಎಂದು ಹಾರೈಸೋಣ, ಅದಕ್ಕಾಗಿ ನಮ್ಮಿಂದಾದಷ್ಟು ದುಡಿಯೋಣ.