ಹುಡುಗರ ಸಾಲಿನಲ್ಲಿ ಕುಳಿತ ಇಗ್ನಾಸಿ

ಜುಲೈ 31 ಲೊಯೋಲಾದ ಸಂತ ಇಗ್ನಾಸಿಯವರ ಹಬ್ಬ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗಲಿ ಅವರ ಕಾಲು ಮುರಿದದ್ದು, ಹಾಸಿಗೆಯಲ್ಲಿ ಸಂತರ ಚರಿತ್ರೆ ಓದಿ ಮನ ತಿರುಗಿದ್ದು ಪ್ರಿಯ ಓದುಗರಿಗೆ ಗೊತ್ತಿರುವುದೇ. ಆ ಬಳಿಕ ಲತೀನ್ ವ್ಯಾಕರಣದೊಡನೆ ಅವರು ಪಟ್ಟ ಪಾಡು ಮಾತ್ರ ಪ್ರಬೋಧನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

1523ರಲ್ಲಿ ಜೆರುಸಲೇಮಿಗೆ ಹೋದ ಇಗ್ನಾಸಿ ಅಲ್ಲಿಯೇ ಉಳಿಯಲು ಬಯಸಿದ್ದರು. ಅಲ್ಲಿನ ಫ್ರಾನ್ಸಿಸ್ಕನ್ ಗುರುಗಳು ಒಪ್ಪಲಿಲ್ಲ. ಆತ್ಮಗಳಿಗೆ ನೆರವಾಗಲು ಓದು ಬೇಕು, ಓದಿಗೆ ಲತೀನ್ ಬೇಕು ಎಂದು ನಿಶ್ಚಯಿಸಿ 1524ರಲ್ಲಿ ಬಾರ್ಸಿಲೋನಾಗೆ ಬಂದರು. ಆಗ ಅವರಿಗೆ 33ರ ಪ್ರಾಯ. ಜೆರೋನಿಮೋ ಅರ್ದೆವೋಲ್ ಎಂಬ ಉಪಾಧ್ಯಾಯರು ಹಣ ಪಡೆಯದೆ ಕಲಿಸಲು ಮುಂದಾದರು. ಇಸಾಬೆಲ್ ರೊಸೆರ್ ಎಂಬ ಭಕ್ತೆ ಹೊಟ್ಟೆಪಾಡಿನ ಹೊಣೆ ಹೊತ್ತರು.

ಲತೀನ್ ಕಲಿಯುವವರ ಮೊದಲ ಕ್ರಿಯಾಪದ ‘ಪ್ರೀತಿಸು’: ಅಮೋ, ಅಮಾಸ್, ಅಮಾತ್. ಪ್ರೀತಿಸುವವನು ನಾನೋ, ನೀನೋ, ಅವನೋ ಎಂಬುದನ್ನು ಪದದ ಕೊನೆಯೇ ಹೇಳುತ್ತದೆ, ನಮ್ಮ ಕನ್ನಡದಲ್ಲಿ ಹೇಳುವಂತೆ. ಅದೇ ಪದಕ್ಕೆ ‘ನೆ’ ಸೇರಿಸಿ ಅಮಾಸ್ನೆ ಎಂದರೆ ಪ್ರಶ್ನೆ: ಪ್ರೀತಿಸುತ್ತೀಯಾ? (ಎರಡನೇ ವಾತಿಕನ್ ಮಹಾಸಭೆಗೆ ಮುನ್ನ ಪೀಠದ ಬಳಿ ಸೇವೆ ಮಾಡಿದ ನಮ್ಮ ಹಿರಿಯರಲ್ಲಿ ಅನೇಕರು ಲತೀನ್ ಉತ್ತರಗಳನ್ನು ಅರ್ಥ ತಿಳಿಯದೆಯೇ ಬಾಯಿಪಾಠ ಮಾಡಿದವರು!)

ಇಗ್ನಾಸಿಯವರ ತೊಡಕು ಬೇರೆಯದು. ಬಾಯಿಪಾಠಕ್ಕೆ ಕುಳಿತೊಡನೆ ಆ ಪ್ರೀತಿಯ ಮಾತೇ ಅವರನ್ನು ದೇವರ ಪ್ರೀತಿಯತ್ತ ಸೆಳೆದುಕೊಂಡು ಹೋಗುತ್ತಿತ್ತು. ಮನದಲ್ಲಿ ಹೊಸ ಹೊಸ ಬೆಳಕು, ಆನಂದ. ಪಾಠ ಅಲ್ಲೇ ನಿಂತುಬಿಡುತ್ತಿತ್ತು. ಇದು ದೈವವರವೆಂದು ಯಾರಾದರೂ ನಂಬುತ್ತಿದ್ದರು. ಆದರೆ ಪ್ರಾರ್ಥನೆಯಲ್ಲಾಗಲಿ ಬಲಿಪೂಜೆಯಲ್ಲಾಗಲಿ ಇಂಥ ಬೆಳಕು ಬಾರದೆ, ಪುಸ್ತಕ ತೆರೆದಾಗಲೇ ಬರುವುದೇಕೆ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಇದು ಶೋಧನೆ ಎಂದು ತಿಳಿಯಿತು. ಭಕ್ತಿಯ ವೇಷ ತೊಟ್ಟು ಬಂದ ಶೋಧನೆಯನ್ನು ಗುರುತಿಸುವುದು ಸುಲಭವಲ್ಲ. ಗುಂಡಿನ ಗಾಯ ಸಹಿಸಿದ್ದಕ್ಕಿಂತ ಇದೇ ದೊಡ್ಡದೆಂದು ನನಗನಿಸುತ್ತದೆ.

ಅವರು ಉಪಾಧ್ಯಾಯರನ್ನು ಹತ್ತಿರದ ಸಾಂತಾ ಮರಿಯಾ ದೆಲ್ ಮಾರ್ ದೇವಾಲಯಕ್ಕೆ ಕರೆದೊಯ್ದು ಎಲ್ಲವನ್ನೂ ತೋಡಿಕೊಂಡರು. ಬಾರ್ಸಿಲೋನಾದಲ್ಲಿ ರೊಟ್ಟಿ, ನೀರು ಸಿಗುವವರೆಗೆ ಎರಡು ವರ್ಷ ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಪಾಠ ಬಾರದಿದ್ದರೆ ಚಿಕ್ಕ ಹುಡುಗರಿಗೆ ಕೊಡುವ ಏಟನ್ನೇ ತಮಗೂ ಕೊಡಬೇಕೆಂದು ಬೇಡಿಕೊಂಡರು. ಅಲ್ಲಿಂದಾಚೆಗೆ ಆ ಶೋಧನೆ ಕಾಡಲಿಲ್ಲ.

ಹಾಗೆಂದು ಲತೀನ್ ಸುಲಭವಾಗಿ ಒಲಿಯಲಿಲ್ಲ. ಅಲ್ಕಲಾ, ಸಲಮಾಂಕಾ ಸುತ್ತಿ 1528ರಲ್ಲಿ ಪ್ಯಾರಿಸಿಗೆ ಬಂದಾಗ ತಳಪಾಯ ಗಟ್ಟಿಯಾಗಿಲ್ಲವೆಂದು ಮತ್ತೆ ಹುಡುಗರ ಜೊತೆ ಕುಳಿತರು. ಮರುವರ್ಷ ಸೇಂಟ್ ಬಾರ್ಬ್ ಕಾಲೇಜಿನಲ್ಲಿ ಅವರಿಗೆ ಸಿಕ್ಕ ಕೋಣೆಯ ಜೊತೆಗಾರರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಒಬ್ಬರು. 1542ರಲ್ಲಿ ಗೋವೆಗೆ ಬಂದವರು ಇವರೇ.

ಯೇಸುಸಭೆಗೆ 1540ರಲ್ಲಿ ಜಗದ್ಗುರುಗಳ ಒಪ್ಪಿಗೆ ದೊರೆಯಿತು. 1551ರಲ್ಲಿ ರೋಮಿನಲ್ಲಿ ಇಗ್ನಾಸಿಯವರು ತೆರೆದ ಶಾಲೆಯ ಬಾಗಿಲ ಮೇಲೆ, ಇಲ್ಲಿ ವ್ಯಾಕರಣ ಮತ್ತು ಕ್ರೈಸ್ತ ಧರ್ಮೋಪದೇಶವನ್ನು ಉಚಿತವಾಗಿ ಕಲಿಸಲಾಗುವುದೆಂದು ಬರೆಸಿದ್ದರು. ಅರ್ದೆವೋಲರು ತಮಗೆ ಕಲಿಸಿದ್ದೂ ಹಾಗೆಯೇ ಅಲ್ಲವೇ!