ಅಗಲಿದ ನಾಡನ್ನು ಅರಸಿ ನಡೆದ ಸಂತ ಫ್ರಾನ್ಸಿಸ್ ಡಿ ಸೇಲ್ಸ್

ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತರ ಐಕ್ಯಕ್ಕಾಗಿ ಪ್ರಾರ್ಥನಾ ಸಪ್ತಾಹವನ್ನು ಆಚರಿಸುತ್ತೇವೆ. ಆ ಸಪ್ತಾಹದ ನಡುವೆಯೇ, ಜನವರಿ 24ರಂದು, ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಅವರ ಹಬ್ಬ ಬರುತ್ತದೆ. ಪತ್ರಕರ್ತರ ಹಾಗೂ ಲೇಖಕರ ಪಾಲಕ ಸಂತರೆಂದು ಅವರನ್ನು ಬಲ್ಲ ನಾವು, ಆ ಬಿರುದಿನ ಹಿಂದಿರುವ ನಾಲ್ಕು ವರ್ಷಗಳ ಕಠಿಣ ಸೇವೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಬೇರ್ಪಟ್ಟ ಒಂದು ಸೀಮೆ ಮತ್ತೆ ತನ್ನ ಮೂಲಕ್ಕೆ ಕೂಡಿಕೊಂಡ ಬಗೆಯನ್ನು ಆ ನಾಲ್ಕು ವರ್ಷಗಳ ಕಥೆ ತಿಳಿಸುತ್ತದೆ.

ಜಿನೀವಾ ಸರೋವರದ ದಕ್ಷಿಣ ದಂಡೆಯಲ್ಲಿ, ಆಲ್ಪ್ಸ್ ಪರ್ವತಗಳ ಅಡಿಯಲ್ಲಿ ಶಾಬ್ಲೆ ಎಂಬ ಸೀಮೆಯಿದೆ. ಥೊನೊನ್ ಅದರ ಮುಖ್ಯ ಪಟ್ಟಣ. ಹದಿನಾರನೆಯ ಶತಮಾನದಲ್ಲಿ ಇದು ಸವಾಯ್ ಸಂಸ್ಥಾನಕ್ಕೆ ಸೇರಿತ್ತು. 1536ರಲ್ಲಿ ಸ್ವಿಸ್ ನಾಡಿನ ಬರ್ನ್ ನಗರದ ಸೇನೆ ಈ ಸೀಮೆಯನ್ನು ಗೆದ್ದುಕೊಂಡು, ಅಲ್ಲಿ ಪ್ರೊಟೆಸ್ಟೆಂಟ್ ಪಂಥವನ್ನು ಜಾರಿಗೆ ತಂದಿತು. ಬಲಿಪೂಜೆ ನಿಂತಿತು, ಗುರುಗಳು ಊರು ಬಿಟ್ಟರು. ಅದೇ ವರ್ಷ ಜಿನೀವಾ ನಗರವೂ ಕಥೋಲಿಕ ಧರ್ಮಸಭೆಯಿಂದ ದೂರ ಸರಿಯಿತು. ಜಿನೀವಾದ ಧರ್ಮಾಧ್ಯಕ್ಷರಿಗೆ ತಮ್ಮ ನಗರದಲ್ಲಿ ನೆಲೆ ಇಲ್ಲವಾಗಿ, ಅವರ ಪೀಠವು ಆನ್ಸಿ ಪಟ್ಟಣದಲ್ಲಿ ಆಶ್ರಯ ಪಡೆಯಬೇಕಾಯಿತು.

1564ರಲ್ಲಿ ಲೋಸಾನ್‌ನಲ್ಲಿ ನಡೆದ ಒಪ್ಪಂದದ ಫಲವಾಗಿ, 1567ರಲ್ಲಿ ಶಾಬ್ಲೆ ಸೀಮೆ ಮರಳಿ ಸವಾಯ್ ದೊರೆಯ ಕೈಸೇರಿತು. ಆದರೆ ಅಲ್ಲಿನ ಜನರ ಹೊಸ ಮತಾಚರಣೆಗೆ ಚ್ಯುತಿ ಬರಬಾರದೆಂಬ ಷರತ್ತು ಆ ಒಪ್ಪಂದದಲ್ಲಿತ್ತು. ನೆಲ ಮರಳಿತು, ಮನಸ್ಸು ಮರಳಲಿಲ್ಲ. ಮೂವತ್ತು ವರ್ಷಗಳ ಅಂತರದಲ್ಲಿ ಒಂದು ತಲೆಮಾರೇ ಬೇರೆ ನಂಬಿಕೆಯಲ್ಲಿ ಬೆಳೆದು ನಿಂತಿತ್ತು. ರಾಜಮುದ್ರೆಯೊತ್ತಿದ ಪತ್ರವೊಂದು ಗಡಿಯನ್ನು ಬದಲಿಸಬಹುದು. ಮನೆಯೊಳಗಿನ ಪ್ರಾರ್ಥನೆಯನ್ನು ಬದಲಿಸುವ ಶಕ್ತಿ ಅದಕ್ಕಿಲ್ಲ.

ಅದೇ 1567ರ ಆಗಸ್ಟ್ 21ರಂದು, ಸವಾಯ್ ಸಂಸ್ಥಾನದ ಥೊರಾನ್ಸ್ ಎಂಬಲ್ಲಿನ ಕೋಟೆಮನೆಯಲ್ಲಿ ಫ್ರಾನ್ಸಿಸ್ ಜನಿಸಿದರು. ಶ್ರೀಮಂತ ಮನೆತನದ ಹಿರಿಯ ಮಗ. ಪ್ಯಾರಿಸ್‌ನಲ್ಲಿ ಯೇಸುಸಭೆಯ ಗುರುಗಳ ಬಳಿ ವಿದ್ಯಾಭ್ಯಾಸ ಮಾಡಿ, ಇಟಲಿಯ ಪಾದುವಾದಲ್ಲಿ 1591ರಲ್ಲಿ ನ್ಯಾಯಶಾಸ್ತ್ರದ ಡಾಕ್ಟರೇಟ್ ಪದವಿ ಪಡೆದರು. ಮಗ ದೊಡ್ಡ ಅಧಿಕಾರಿಯಾಗಬೇಕು, ಉತ್ತಮ ಮನೆತನದ ಹೆಣ್ಣನ್ನು ವರಿಸಬೇಕು ಎಂಬುದು ತಂದೆಯ ಹಂಬಲ. ಮಗನ ಆಸೆ ಬೇರೆಯಾಗಿತ್ತು. ತಂದೆಯ ಮನಸ್ಸನ್ನು ಹೇಗೋ ಒಲಿಸಿಕೊಂಡು, 1593ರ ಡಿಸೆಂಬರ್ 18ರಂದು ಫ್ರಾನ್ಸಿಸರು ಗುರುದೀಕ್ಷೆ ಪಡೆದರು.

ಮರುವರ್ಷವೇ ಸವಾಯ್ ದೊರೆ ಚಾರ್ಲ್ಸ್ ಇಮ್ಯಾನ್ಯುಯೆಲ್, ಶಾಬ್ಲೆ ಸೀಮೆಗೆ ಗುರುಗಳನ್ನು ಕಳುಹಿಸುವಂತೆ ಧರ್ಮಾಧ್ಯಕ್ಷ ಗ್ರಾನ್ಯೆ ಅವರನ್ನು ಕೇಳಿದ. 1589ರಲ್ಲಿ ಬರ್ನ್ ಮತ್ತು ಜಿನೀವಾ ಪಡೆಗಳು ಮತ್ತೆ ನುಗ್ಗಿ ಬಂದಿದ್ದ, ಯುದ್ಧದ ಗಾಯ ಇನ್ನೂ ಮಾಯದ ಸೀಮೆಯದು. ಹೋಗುವವರಿಗೆ ಪ್ರಾಣಭಯ ತಪ್ಪಿದ್ದಲ್ಲ. ಆದರೂ ಫ್ರಾನ್ಸಿಸರು ತಾವಾಗಿ ಮುಂದೆ ಬಂದರು. ತಂದೆ ಒಪ್ಪಲಿಲ್ಲ. ತಂದೆಯ ಆಶೀರ್ವಾದವಿಲ್ಲದೆಯೇ, 1594ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ದಿನ, ದಾಯಾದಿ ಸೋದರ ಲೂಯಿ ಗುರುಗಳೊಡನೆ ಅವರು ಕಾಲ್ನಡಿಗೆಯಲ್ಲಿ ಶಾಬ್ಲೆಯನ್ನು ಪ್ರವೇಶಿಸಿದರು.

ಥೊನೊನ್ ಪಟ್ಟಣದಲ್ಲಿ ಆಗ ಉಳಿದಿದ್ದ ಕಥೋಲಿಕರನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಬಹುದಿತ್ತು. ರಾತ್ರಿ ಅಲ್ಲಿ ತಂಗುವುದು ಅಪಾಯವಾದ್ದರಿಂದ, ಸೋದರರಿಬ್ಬರೂ ಬೆಟ್ಟದ ಮೇಲಿನ ಅಲಾಂಜ್ ಕೋಟೆಯಲ್ಲಿ ನೆಲೆಸಿದರು. ಬೆಳಿಗ್ಗೆ ಅಲ್ಲಿನ ಪುಟ್ಟ ಗುಡಿಯಲ್ಲಿ ಬಲಿಪೂಜೆ ಅರ್ಪಿಸಿ, ಇಳಿದು ಪಟ್ಟಣಕ್ಕೆ ನಡೆಯುವುದು; ಸಂಜೆ ಮತ್ತೆ ಬೆಟ್ಟ ಹತ್ತುವುದು. ಕೋಟೆಯ ಅಧಿಪತಿ ಸೈನಿಕರ ಕಾವಲು ಕೊಡಲು ಸಿದ್ಧನಿದ್ದರೂ ಫ್ರಾನ್ಸಿಸರು ಅದನ್ನು ಬಯಸಲಿಲ್ಲ. ಆಲ್ಪ್ಸ್ ಸೀಮೆಯ ಹಿಮಗಾಲ, ಕಾಡುದಾರಿ, ಕೊಲ್ಲಲು ಹೊಂಚು ಹಾಕಿದವರು, ಇವೆಲ್ಲವನ್ನೂ ಅವರು ಎದುರಿಸಬೇಕಾಯಿತು. ಇಷ್ಟಾದರೂ ಪ್ರಬೋಧನೆ ಕೇಳಲು ಬಂದವರು ಕೆಲವೇ ಮಂದಿ. ಬಂದರೆ ನೆರೆಯವರು ನೋಡಿಬಿಡುತ್ತಾರೆಂಬ ಅಂಜಿಕೆಯೂ ಜನರಲ್ಲಿತ್ತು.

ಜನರು ಪ್ರಬೋಧನೆಗೆ ಬರದಿದ್ದರೆ ಪ್ರಬೋಧನೆಯೇ ಜನರ ಬಳಿಗೆ ಹೋಗಲಿ ಎಂದು 1595ರ ಆರಂಭದಲ್ಲಿ ಅವರು ಲೇಖನಿ ಹಿಡಿದರು. ಧರ್ಮಸಭೆಯ ಬೋಧನೆಯನ್ನು ಸರಳ ಮಾತುಗಳಲ್ಲಿ ಸಣ್ಣ ಸಣ್ಣ ಹಾಳೆಗಳಲ್ಲಿ ಬರೆದು, ಪ್ರತಿಗಳನ್ನು ಮಾಡಿಸಿ, ಮನೆಗಳ ಬಾಗಿಲ ಸಂದಿನಲ್ಲಿ ತೂರಿಸಿದರು; ಜನ ಸೇರುವ ಕಡೆ ಅಂಟಿಸಿದರು. ಹಗಲು ಅವರೊಡನೆ ಮಾತಾಡಲು ಹೆದರಿದವರೂ ರಾತ್ರಿ ದೀಪದ ಬೆಳಕಿನಲ್ಲಿ ಆ ಹಾಳೆಗಳನ್ನು ಓದಬಹುದಿತ್ತು. ಈ ಕಾರಣಕ್ಕಾಗಿಯೇ ಮುಂದೆ, 1923ರಲ್ಲಿ, ಜಗದ್ಗುರು ಹನ್ನೊಂದನೆಯ ಪಯಸ್ ಅವರು ಫ್ರಾನ್ಸಿಸರನ್ನು ಲೇಖಕರ ಪಾಲಕರನ್ನಾಗಿ ಘೋಷಿಸಿದರು.

ಫಲ ನಿಧಾನವಾಗಿ ಕಾಣಿಸಿಕೊಂಡಿತು. ಪಿಯೆರ್ ಪೊನ್ಸೆ ಎಂಬ ವಕೀಲರು ಮರಳಿ ಬಂದರು. ಬಳಿಕ ಪ್ರೊಟೆಸ್ಟೆಂಟರಲ್ಲಿ ಗಣ್ಯರಾಗಿದ್ದ ಅವುಲ್ಲಿಯ ಪ್ರಭುಗಳೂ ಬಂದರು. 1596ರ ಕ್ರಿಸ್ತ ಜಯಂತಿಯಂದು, ಪಟ್ಟಣದ ಸಂತ ಹಿಪೊಲಿಟರ ದೇವಾಲಯದಲ್ಲಿ ಮರದ ಪೂಜಾಪೀಠವೊಂದನ್ನು ನಿಲ್ಲಿಸಿ, ಬಹಳ ವರ್ಷಗಳ ತರುವಾಯ ಫ್ರಾನ್ಸಿಸರು ಅಲ್ಲಿ ಬಲಿಪೂಜೆ ಅರ್ಪಿಸಿದರು. ಊರಿನ ಮುಖಂಡರು ತಡೆಯಲೆತ್ನಿಸಿದರೂ ಅವರು ಹಿಂಜರಿಯಲಿಲ್ಲ. ಮುಂದಿನ ವರ್ಷ ಜಗದ್ಗುರುಗಳ ಅಪೇಕ್ಷೆಯಂತೆ ಜಿನೀವಾಕ್ಕೆ ಹೋಗಿ, ಕಾಲ್ವಿನ್ನರ ಉತ್ತರಾಧಿಕಾರಿಯಾಗಿದ್ದ ವೃದ್ಧ ತಿಯೊಡೊರ್ ಬೇಜಾ ಅವರನ್ನು ಕಂಡು ಮಾತನಾಡಿದರು. ಬೇಜಾ ತಮ್ಮ ನಿಲುವನ್ನು ಬದಲಿಸಲಿಲ್ಲ. ಆದರೂ ಇಬ್ಬರೂ ಸೌಜನ್ಯದಿಂದಲೇ ಬೀಳ್ಕೊಂಡರು.

1598ರಲ್ಲಿ ಯುದ್ಧಗಳು ನಿಂತು ಶಾಂತಿ ನೆಲೆಸಿದಾಗ, ಥೊನೊನ್‌ನಲ್ಲಿ ಪರಮಪ್ರಸಾದದ ನಲವತ್ತು ಗಂಟೆಗಳ ಆರಾಧನೆ ವೈಭವದಿಂದ ಜರುಗಿತು. ದೊರೆಯೇ ಬಂದ; ಕಾರ್ಡಿನಲ್ ಮೆಡಿಚಿ ಬಂದರು. ಸಾವಿರಾರು ಜನರು ಕಥೋಲಿಕ ಧರ್ಮಸಭೆಗೆ ಮರಳಿದರು.

ಇಲ್ಲಿ ನಾವು ಒಂದು ಕಹಿ ಸತ್ಯವನ್ನೂ ಮರೆಮಾಚಬಾರದು. ಮರಳಲೊಪ್ಪದವರು ಸೀಮೆ ಬಿಟ್ಟು ಹೋಗಬೇಕೆಂದು ದೊರೆ ಆಜ್ಞಾಪಿಸಿದ. ನಂಬಿಕೆಯನ್ನು ಬಿಡಲಾರದ ಕುಟುಂಬಗಳು ಮನೆಮಾರು ತೊರೆದವು. ಪ್ರೊಟೆಸ್ಟೆಂಟ್ ಬೋಧಕರನ್ನು ತೆರವುಗೊಳಿಸಲು ಫ್ರಾನ್ಸಿಸರೂ ದೊರೆಯ ನೆರವನ್ನು ಬೇಡಿದ್ದುಂಟು. ರಾಜನ ಮತವೇ ಪ್ರಜೆಯ ಮತವೆಂದು ಎರಡೂ ಪಕ್ಷಗಳು ನಂಬಿದ್ದ ಕಾಲವದು. ಬರ್ನ್ ನಗರ 1536ರಲ್ಲಿ ಮಾಡಿದ್ದೂ ಅದನ್ನೇ. ಹಾಗೆಂದು ಊರು ಬಿಟ್ಟವರ ಕಣ್ಣೀರು ಕಡಿಮೆಯಾಗುವುದಿಲ್ಲ. ಸಂತರೂ ತಮ್ಮ ಕಾಲದ ಮಿತಿಯೊಳಗೇ ಬಾಳಿದವರು. ಕಾಲ್ನಡಿಗೆಯ ನಾಲ್ಕು ವರ್ಷಗಳು ಬೆಸೆದದ್ದಕ್ಕೂ ರಾಜಾಜ್ಞೆಯ ಒಂದು ದಿನ ಒತ್ತಿ ಸೇರಿಸಿದ್ದಕ್ಕೂ ಇರುವ ಅಂತರವನ್ನು ನಾವು ಕಾಣಲೇಬೇಕು.

ಬಲಾತ್ಕಾರದ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದು ನಾಲ್ಕೇ ವರ್ಷಗಳಲ್ಲಿ ಬಯಲಾಯಿತು. 1602ರ ಡಿಸೆಂಬರ್ 8ರಂದು ಫ್ರಾನ್ಸಿಸರು ಜಿನೀವಾದ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಅದೇ ತಿಂಗಳಲ್ಲಿ ಸವಾಯ್ ದೊರೆಯ ಸೈನಿಕರು ಕಗ್ಗತ್ತಲಲ್ಲಿ ಏಣಿಗಳನ್ನು ಹಾಕಿ ಜಿನೀವಾದ ಕೋಟೆಗೋಡೆ ಹತ್ತಲು ಯತ್ನಿಸಿ ಸೋತು ಹಿಮ್ಮೆಟ್ಟಿದರು. ಆ ರಾತ್ರಿಯ ನೆನಪನ್ನು ಜಿನೀವಾದ ಜನ ಇಂದಿಗೂ ಪ್ರತಿವರ್ಷ ಉತ್ಸವವಾಗಿ ಆಚರಿಸುತ್ತಾರೆ. ಹೆಸರಿಗೆ ಜಿನೀವಾದ ಧರ್ಮಾಧ್ಯಕ್ಷರಾಗಿದ್ದ ಫ್ರಾನ್ಸಿಸರು ಇಪ್ಪತ್ತು ವರ್ಷಗಳ ಕಾಲ ಆನ್ಸಿಯಲ್ಲೇ ಇದ್ದು ಸೇವೆ ಸಲ್ಲಿಸಬೇಕಾಯಿತು. ಜಿನೀವಾ ಅವರ ಪೀಠಕ್ಕೆ ಮರಳಲೇ ಇಲ್ಲ.

ಅವರು ಎದೆಗುಂದಲಿಲ್ಲ. ಬೆಟ್ಟದ ಹಳ್ಳಿಗಳನ್ನು ಸುತ್ತಿದರು. ಮಕ್ಕಳಿಗೆ ತಾವೇ ಧರ್ಮೋಪದೇಶ ಹೇಳಿಕೊಟ್ಟರು. ಸಂಸಾರಸ್ಥರೂ ಪವಿತ್ರ ಜೀವನ ನಡೆಸಬಲ್ಲರೆಂದು ತೋರಿಸುವ, ಭಕ್ತಿಜೀವನಕ್ಕೆ ಪ್ರವೇಶ ನೀಡುವ ಪುಸ್ತಕವನ್ನು ಪ್ರಕಟಿಸಿದರು. 1610ರಲ್ಲಿ ಸಂತ ಜೇನ್ ಫ್ರಾನ್ಸಿಸ್ ಡಿ ಶಾಂತಾಲ್ ಅವರೊಡನೆ ವಿಸಿಟೇಶನ್ ಸಂನ್ಯಾಸಿನಿಯರ ಸಭೆಯನ್ನು ಸ್ಥಾಪಿಸಿದರು. 1622ರ ಡಿಸೆಂಬರ್ 28ರಂದು ಲಿಯೊನ್ ನಗರದಲ್ಲಿ ದೈವಾಧೀನರಾದರು. 1665ರಲ್ಲಿ ಸಂತಪದವಿಯೂ, 1877ರಲ್ಲಿ ಧರ್ಮಸಭೆಯ ಪಂಡಿತರೆಂಬ ಗೌರವವೂ ಅವರಿಗೆ ಸಂದವು.

ಕಾಲ ಉರುಳಿತು. ಶಾಬ್ಲೆಯನ್ನು ಮರಳಿ ಪಡೆಯಲು ಅಷ್ಟೊಂದು ಹೋರಾಡಿದ ಸವಾಯ್ ಸಂಸ್ಥಾನವೇ 1860ರಲ್ಲಿ ಫ್ರಾನ್ಸ್ ದೇಶದಲ್ಲಿ ಸೇರಿಹೋಯಿತು. ಗಡಿಗಳು ಅಳಿದವು, ಫ್ರಾನ್ಸಿಸರ ಹಾದಿ ಅಳಿಯಲಿಲ್ಲ. ಅವರ ಹೆಸರಿನಲ್ಲಿ 1838ರಲ್ಲಿ ಆನ್ಸಿ ಧರ್ಮಪ್ರಾಂತದಲ್ಲಿ ಪೂಜ್ಯ ಪೀಟರ್ ಮೆರ್ಮಿಯೆ ಸ್ಥಾಪಿಸಿದ ಗುರುಗಳ ಸಭೆ, 1846ರಲ್ಲಿ ವಿಶಾಖಪಟ್ಟಣಕ್ಕೆ ಬಂದಿತು. ಬೆಂಗಳೂರಿನಲ್ಲಿಯೂ ಈ ಸಭೆಯ ವಿದ್ಯಾಸಂಸ್ಥೆಗಳಿವೆ. ಡಾನ್ ಬಾಸ್ಕೊ ಸಂತರು ಸ್ಥಾಪಿಸಿದ ಸಲೇಶಿಯನ್ ಸಭೆಯೂ ಇವರದೇ ಹೆಸರನ್ನು ಹೊತ್ತಿದೆ.

1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಬೇರ್ಪಟ್ಟ ಕ್ರೈಸ್ತರನ್ನು ಸೋದರರೆಂದು ಗೌರವಿಸಿ ಐಕ್ಯಕ್ಕಾಗಿ ಶ್ರಮಿಸುವಂತೆ ನಮಗೆ ಕಲಿಸಿತು. ಇದು ದೂರದ ಯೂರೋಪಿಗೆ ಮಾತ್ರ ಸಲ್ಲುವ ಪಾಠವಲ್ಲ. ಆಸ್ತಿ ಪಾಲಾದ ದಿನದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೆ? ಭಾಷೆಯ ಹೆಸರಿನಲ್ಲಿ ಒಂದೇ ದೇವಾಲಯದೊಳಗೆ ಎರಡಾಗಿ ನಿಂತವರು, ಮದುವೆಯ ವಿಷಯದಲ್ಲಿ ಮನನೊಂದು ಪೂಜೆಗೆ ಬರುವುದನ್ನೇ ನಿಲ್ಲಿಸಿದ ಮಕ್ಕಳು ಇಲ್ಲವೆ? ಹಿರಿಯರು ಕೂಡಿ ರಾಜಿಪತ್ರ ಬರೆಸಬಹುದು. ಊರವರ ಒತ್ತಾಯಕ್ಕೆ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಬಹುದು. ಅದು 1567ರಲ್ಲಿ ಶಾಬ್ಲೆ ಮರಳಿದ ಬಗೆ. ಅದರ ಮುಂದಿನ ಕೆಲಸಕ್ಕೆ ಯಾರಾದರೊಬ್ಬರು ಬೆಟ್ಟ ಇಳಿದು, ಮುಚ್ಚಿದ ಬಾಗಿಲ ತನಕ ನಡೆಯಬೇಕು. ಬಾಗಿಲು ತೆರೆಯದಿದ್ದರೆ ನಾಳೆ ಮತ್ತೆ ನಡೆಯಬೇಕು. ಈ ಸಪ್ತಾಹದಲ್ಲಿ ಐಕ್ಯಕ್ಕಾಗಿ ಪ್ರಾರ್ಥಿಸುವ ನಾವು, ನಮ್ಮ ಕುಟುಂಬದಲ್ಲಿ ಹಾಗೆ ನಡೆಯಬೇಕಾದವರು ಯಾರು ಎಂಬುದನ್ನೂ ಕೇಳಿಕೊಳ್ಳೋಣ.